ಮಂಗನ ಬಾಯಿಗೆ ಒರೆಸಿದ ಮೊಸರು

ಮೊಸರನ್ನ ತಿಂದ ಮಂಗ ಕೈಯನ್ನು ಮೇಕೆಯ ಬಾಯಿಗೆ ಒರೆಸಿ, ತಾನು ಏನೂ ಅರಿಯದಂತೆ ಮೂಲೆಯಲ್ಲಿ ಕೂತ ಕತೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಮಲೆನಾಡಿನಲ್ಲಿ ಅದೇ ಕತೆ ಏಳು ದಶಕಗಳಿಂದ ತಿರುವುಮುರುವಾಗಿ ನಡೆಯುತ್ತಿದೆ. ಇಲ್ಲಿ ತಿಂದದ್ದು ಉಣುಗು (ಉಣ್ಣೆ), ಒರೆಸಿದ್ದು ಮಂಗನ ಬಾಯಿಗೆ. ಎಳ್ಳಿಗಿಂತ ಸಣ್ಣದೊಂದು ಉಣುಗು ಮೈಯೊಳಗೆ ವೈರಸ್ ಇಟ್ಟುಕೊಂಡು ತರಗೆಲೆಯಡಿ ಕಾಯುತ್ತದೆ. ಮಂಗಕ್ಕೆ ಕಚ್ಚಿದರೆ ಮಂಗ ಮರದಿಂದ ಬೀಳುತ್ತದೆ, ಮನುಷ್ಯನಿಗೆ ಕಚ್ಚಿದರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಇಬ್ಬರೂ ಒಂದೇ ಶತ್ರುವಿಗೆ ಸಿಕ್ಕವರು. ಕಾಯಿಲೆಗೆ ಮಾತ್ರ ಮಂಗನ ಹೆಸರು.

ಹೆಸರು ಬರೀ ಹೆಸರಾಗಿದ್ದರೆ ತಕರಾರಿರಲಿಲ್ಲ. ದಡಾರಕ್ಕೆ ಅಮ್ಮ ಎನ್ನುತ್ತೇವೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ‘ಮಂಗನ ಕಾಯಿಲೆ’ ಎಂಬ ಹೆಸರು ನಿಧಾನಕ್ಕೆ ಒಂದು ಆಡಳಿತ ಪದ್ಧತಿಯೇ ಆಗಿಬಿಟ್ಟಿದೆ. ಮಂಗ ಸತ್ತರೆ ಸುದ್ದಿ, ಮಂಗ ಸತ್ತರೆ ಜೀಪು, ಮಂಗ ಸತ್ತರೆ ಪುಡಿ, ಮಂಗ ಸತ್ತರೆ ಸಭೆ. ಮಂಗ ಸಾಯದಿದ್ದರೆ ಎಲ್ಲ ಸುಭಿಕ್ಷ. ಉಣುಗು ಹಿಡಿದು ವೈರಸ್ ಹುಡುಕುವ ಕೆಲಸ ಈ ಪದ್ಧತಿಯಲ್ಲಿ ಇಲ್ಲವೆಂದಲ್ಲ. ಇದೆ, ಊಟದೆಲೆಯ ತುದಿಯ ಉಪ್ಪಿನಷ್ಟು. ಎಲ್ಲೋ ಮಂಗ ಸತ್ತ ಮೇಲೆ, ಯಾರಿಗೋ ಜ್ವರ ಬಂದ ಮೇಲೆ, ಆ ಜಾಗಕ್ಕೆ ಹೋಗಿ ಒಂದಿಷ್ಟು ಉಣುಗು ಹಿಡಿದು ತರುವುದು.

ಈ ಪದ್ಧತಿಯನ್ನು ಸಮರ್ಥಿಸುವವರು ಮೂರ್ಖರಲ್ಲ. ಅವರ ವಾದವನ್ನು ಅದರ ಪೂರ್ತಿ ಬಲದಲ್ಲೇ ಇಡುತ್ತೇನೆ. ಪಶ್ಚಿಮಘಟ್ಟದ ಕಾಡಿನಲ್ಲಿ ಉಣುಗು ಕೋಟಿ ಕೋಟಿ ಇವೆ. ಅವುಗಳಲ್ಲಿ ವೈರಸ್ ಹೊತ್ತವು ತೀರಾ ಕಡಿಮೆ. ಹುಡುಕಿದರೂ ಸಿಗುವುದು ಅಪರೂಪ, ಸಿಕ್ಕರೂ ಕೋಟಿ ಉಣುಗನ್ನು ಕೊಲ್ಲುವುದು ಅಸಾಧ್ಯ. ಅದೇ ಮಂಗ ನೋಡಿ: ಸಂಬಳವಿಲ್ಲದ ಕಾವಲುಗಾರ. ಕಾಡಿನಲ್ಲಿ ವೈರಸ್ ಎದ್ದರೆ ತಾನೇ ಸತ್ತು ಹೇಳುತ್ತದೆ. ಹಾಗಿರುವಾಗ ಉಣುಗು ಎಣಿಸುವುದಕ್ಕೆ ಹಣ ಸುರಿಯುವ ಬದಲು ಲಸಿಕೆಗೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಗೆ, ಆಸ್ಪತ್ರೆಗೆ ಹಾಕಿ. ಇಷ್ಟು ವಾದ. ವೈದ್ಯರ ಬಾಯಲ್ಲೂ ಕೇಳಿದ್ದೇನೆ, ಪತ್ರಕರ್ತರ ಬಾಯಲ್ಲೂ, ಅಡಕೆ ಮಂಡಿಯ ಜಗುಲಿಯಲ್ಲೂ. ಕೇಳಲು ಸರಿಯೆನಿಸುವ ಈ ವಾದದಲ್ಲಿ ಒಂದೊಂದು ಕಂಬವೂ ಟೊಳ್ಳು.

ಮೊದಲು ಆ ಸಂಬಳವಿಲ್ಲದ ಕಾವಲುಗಾರನನ್ನೇ ನೋಡೋಣ. ವೈರಸ್ ಇರುವ ಉಣುಗು ಮಂಗಕ್ಕೆ ಕಚ್ಚಿತು. ಕೆಲವೇ ದಿನಗಳಲ್ಲಿ ಅದರ ರಕ್ತದ ತುಂಬ ವೈರಸ್. ಅದೇ ದಿನಗಳಲ್ಲಿ ಅದರ ಮೈಮೇಲಿರುವ ಎಳೆಯ ಉಣುಗುಗಳು ಆ ರಕ್ತವನ್ನೇ ಹೀರಿ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಮಂಗ ಸತ್ತು ಮೈ ತಣ್ಣಗಾಗುತ್ತಲೇ ಉಳಿದವೂ ಇಳಿದು ತರಗಿನೊಳಗೆ ಸೇರುತ್ತವೆ. ಇಷ್ಟಾಗುವ ಹೊತ್ತಿಗೆ ನಮ್ಮ ಕಾವಲುಗಾರ ಇನ್ನೂ ಸುದ್ದಿಯನ್ನೇ ಕೊಟ್ಟಿಲ್ಲ. ಹೆಣ ಯಾರದಾದರೂ ಕಣ್ಣಿಗೆ ಬೀಳಬೇಕು. ಕಾಡುಹಂದಿ, ನಾಯಿ, ಹದ್ದು ಮುಗಿಸುವುದರೊಳಗೆ ಬೀಳಬೇಕು. ಕಂಡವನು ಹೇಳಬೇಕು. ಹೇಳಿದರೆ ‘ಕರೆಂಟ್ ಹೊಡೆದು ಸತ್ತದ್ದೋ, ನೀವೇ ವಿಷ ಇಟ್ಟದ್ದೋ’ ಎಂದು ತನ್ನನ್ನೇ ಕೇಳುತ್ತಾರೆಂಬ ಹೆದರಿಕೆಯನ್ನು ಅವನು ಮೀರಬೇಕು. ಪಶುವೈದ್ಯರು ಬರುವವರೆಗೆ ಹೆಣ ಕೊಳೆಯದೆ ಇರಬೇಕು. ಅಂಗಾಂಶದ ಮಾದರಿ ಶಿವಮೊಗ್ಗಕ್ಕೋ ಪುಣೆಗೋ ಹೋಗಬೇಕು, ಫಲಿತಾಂಶ ಬರಬೇಕು. ಆಮೇಲೆ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ. ಮನುಷ್ಯನಿಗೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಏರುತ್ತದೆ. ಮಂಗನ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅದೇ ತರಗು ಗುಡಿಸಿದವಳು ಆಸ್ಪತ್ರೆಯಲ್ಲಿರುತ್ತಾಳೆ.

ಇನ್ನು ಮಂಗವೇ ಸಾಯದ ಕಡೆ? ಮಂಗ ಸತ್ತ ವರದಿಯೇ ಇಲ್ಲದ ಊರಿನಲ್ಲಿ ಮನುಷ್ಯರಿಗೆ ಕಾಯಿಲೆ ಬಂದದ್ದುಂಟು. ಒಂದು ಬಾರಿ ಸೋಂಕು ಹಾದುಹೋದ ಹಿಂಡಿನಲ್ಲಿ ಉಳಿದ ಮಂಗಗಳಿಗೆ ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ, ಮತ್ತೆ ವೈರಸ್ ಬಂದರೂ ಅವು ಸತ್ತು ತೋರಿಸುವುದಿಲ್ಲ. ಬೆಳೆ ಹಾಳು ಮಾಡುತ್ತವೆಂದು ಹಿಡಿದು ಬೇರೆ ಕಾಡಿಗೆ ಬಿಟ್ಟು ಬಂದ ಕಡೆ ಸಾಯಲು ಮಂಗಗಳೇ ಇರುವುದಿಲ್ಲ. ಅಲ್ಲಿ ಮುಂದಿನ ಕಾವಲುಗಾರ ಯಾರು? ಕೂಲಿಗೆ ಬಂದ ಹೆಂಗಸು, ಸೊಪ್ಪು ಕಡಿಯುವ ಮುದುಕ. ಈ ಪದ್ಧತಿಗೆ ಸಂಬಳವಿಲ್ಲದ ಕಾವಲುಗಾರರ ಕೊರತೆ ಎಂದೂ ಬಿದ್ದಿಲ್ಲ.

2012ರ ಕೊನೆಯ ಹೊತ್ತಿನ ಬಂಡೀಪುರ ಇದಕ್ಕೆ ಸಾಕ್ಷಿ. ಅಲ್ಲಿಯವರೆಗೆ ಈ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡಗಳದ್ದು ಎಂದು ಕಡತ ಹೇಳುತ್ತಿತ್ತು. ಬಂಡೀಪುರವಿರುವ ಚಾಮರಾಜನಗರ ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿ ಮಂಗಗಳು ಸತ್ತವು. ಸತ್ತವನ್ನು ಸುಡಲು, ಶವಪರೀಕ್ಷೆಗೆ ಒಯ್ಯಲು ಹೋದವರಿಗೇ ಜ್ವರ ಹಿಡಿಯಿತು. ಕಾವಲುಗಾರ ಸತ್ತು ಸಂದೇಶ ಕೊಟ್ಟ, ಸಂದೇಶ ಎತ್ತಿಕೊಂಡವನು ಮಲಗಿದ. ಆಮೇಲೆ ಒಂದೊಂದಾಗಿ ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಸಿಂಧುದುರ್ಗದ ದೋಡಾಮಾರ್ಗ. ಪ್ರತಿ ಸಲವೂ ಪತ್ರಿಕೆಗಳಲ್ಲಿ ಒಂದೇ ಶೀರ್ಷಿಕೆ: ಹೊಸ ಪ್ರದೇಶಕ್ಕೆ ಕಾಯಿಲೆ ಲಗ್ಗೆ. ಲಗ್ಗೆ ಇಟ್ಟಿತೋ, ಮೊದಲೇ ಅಲ್ಲಿ ಕೂತಿತ್ತೋ? ಆ ಕಾಡುಗಳ ಉಣುಗನ್ನು ಹಿಂದಿನ ವರ್ಷಗಳಲ್ಲಿ ಕ್ರಮವಾಗಿ ಹಿಡಿದು ನೋಡಿದ್ದರೆ ಉತ್ತರ ಹೇಳಬಹುದಿತ್ತು. ನೋಡಿರಲಿಲ್ಲ. ನೋಡದೆ ಇದ್ದುದನ್ನೆಲ್ಲ ‘ಹೊಸದು’ ಎನ್ನುವುದು ನಮ್ಮ ಅಜ್ಞಾನಕ್ಕೆ ನಾವೇ ಇಟ್ಟುಕೊಂಡ ಗೌರವದ ಹೆಸರು.

ಈಗ ಉಣುಗಿನ ಕಡೆ ಬನ್ನಿ. ಮುಖ್ಯ ವಾಹಕದ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದಕ್ಕೆ ಆಯುಷ್ಯದಲ್ಲಿ ಊಟ ಮೂರೇ. ಲಾರ್ವಾ ಆಗಿದ್ದಾಗ ಒಂದು, ಮರಿಯುಣುಗು ಅಂದರೆ ನಿಂಫ್ ಆದಾಗ ಒಂದು, ಪ್ರಾಯಕ್ಕೆ ಬಂದ ಮೇಲೆ ಒಂದು. ಪ್ರತಿ ಊಟಕ್ಕೂ ಬೇರೆ ಪ್ರಾಣಿ. ಉಂಡು ನೆಲಕ್ಕೆ ಬೀಳುತ್ತದೆ, ಪೊರೆ ಕಳಚುತ್ತದೆ, ಮತ್ತೆ ಕಾಯುತ್ತದೆ. ಮಳೆಗಾಲದಲ್ಲಿ ಪ್ರಾಯದ ಉಣುಗು ದನ, ಕಾಟಿ, ಕಡವೆಗಳ ಮೈ ಹತ್ತುತ್ತದೆ. ಹೊಟ್ಟೆ ತುಂಬಿದ ಹೆಣ್ಣು ತರಗಿನಡಿ ರಾಶಿ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಹಿಂದೆ ಸರಿಯುವಾಗ, ಅಕ್ಟೋಬರಿನ ಹೊತ್ತಿಗೆ, ಲಾರ್ವಾಗಳು ಎಲೆಯ ತುದಿಗೆ ಗುಂಪುಗಟ್ಟುತ್ತವೆ. ಇಲಿ, ಮೂಗಿಲಿ, ಹಕ್ಕಿ, ಮಂಗ, ಸಿಕ್ಕಿದ್ದನ್ನು ಹತ್ತುತ್ತವೆ. ಅಲ್ಲಿ ಕುಡಿದ ರಕ್ತದಲ್ಲಿ ವೈರಸ್ ಇದ್ದರೆ ಪೊರೆ ಕಳಚಿದರೂ ಅದು ಕಳಚುವುದಿಲ್ಲ, ಮುಂದಿನ ಹಂತಕ್ಕೆ ಜೊತೆಯಲ್ಲೇ ಬರುತ್ತದೆ. ನವೆಂಬರ್-ಡಿಸೆಂಬರಿನಿಂದ ಮೇವರೆಗೆ ನಿಂಫ್‌ಗಳ ಕಾಲ. ನಮಗೆ ಹೆಚ್ಚಾಗಿ ಕಚ್ಚುವುದು ಇವೇ. ಮನುಷ್ಯರಲ್ಲಿ ಕಾಯಿಲೆ ಏರುವುದು ಜನವರಿಯಿಂದ ಏಪ್ರಿಲ್‌ವರೆಗೆ.

ಈ ಪಂಚಾಂಗವನ್ನು ಇನ್ನೊಮ್ಮೆ ಓದಿ. ಜನವರಿಯಲ್ಲಿ ಮನುಷ್ಯನಿಗೆ ಚುಚ್ಚಬೇಕಾದ ವೈರಸ್ ಡಿಸೆಂಬರಿನ ಮೊದಲ ನಿಂಫ್‌ಗಳ ಹೊಟ್ಟೆಯಲ್ಲಿ ಆಗಲೇ ಕೂತಿರುತ್ತದೆ. ಹುಡುಕುವುದಕ್ಕೆ ಪ್ರಕೃತಿಯೇ ಕೆಲವು ವಾರಗಳ ವಾಯಿದೆ ಕೊಟ್ಟಿದೆ. ಮಂಗದ ಸಾವು ನಿನ್ನೆಯ ಸುದ್ದಿ, ಡಿಸೆಂಬರಿನ ಉಣುಗು ನಾಳೆಯದು. ನಾಳೆಯ ಸುದ್ದಿಯನ್ನು ತರಗಿನಡಿ ಬಿಟ್ಟು ನಿನ್ನೆಯ ಸುದ್ದಿಗೆ ಜೀಪು ಓಡಿಸುವುದಕ್ಕೆ ನಮ್ಮಲ್ಲಿ ಕಣ್ಗಾವಲು ಎಂದು ಹೆಸರು.

ಹಿಡಿಯುವುದಾದರೂ ಎಂಥ ಬ್ರಹ್ಮವಿದ್ಯೆ? ಸಾಗರದ ಕಡೆ ಒಂದು ಸೊಪ್ಪಿನ ಬೆಟ್ಟದಲ್ಲಿ ಡಿಸೆಂಬರಿನ ಬೆಳಗ್ಗೆ ಆ ಕೆಲಸ ಮಾಡುವವರ ಹಿಂದೆ ಅರ್ಧ ದಿನ ತಿರುಗಿದ್ದೇನೆ. ಮಗುವಿಗೆ ಹೊದೆಸುವಂಥ ಬಿಳಿ ಫ್ಲಾನೆಲ್ ಬಟ್ಟೆ, ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ತರಗಿನ ಮೇಲೆ, ಮೊಣಕಾಲೆತ್ತರದ ಕುರುಚಲಿನ ಮೇಲೆ ಅದನ್ನು ಮೆಲ್ಲಗೆ ಎಳೆಯುತ್ತ ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು, ಮಗುಚುವುದು. ಮೊದಲಿಗೆ ಕಾಣುವುದು ಧೂಳು, ಹುಲ್ಲಿನ ಮುಳ್ಳು, ಒಂದೆರಡು ಜೇಡ. ಕಣ್ಣು ಹೊಂದಿದ ಮೇಲೆ ಧೂಳಿನ ಕಣವೊಂದು ನಡೆಯತೊಡಗುತ್ತದೆ. ಇನ್ನೊಂದು. ಆಮೇಲೆ ಏಳೆಂಟು. ಬಟ್ಟೆ ಹಾದದ್ದನ್ನು ಯಾವುದೋ ಪ್ರಾಣಿ ಹಾದುಹೋಯಿತು ಎಂದುಕೊಂಡು ಮುಂಗಾಲು ಚಾಚಿ ಹಿಡಿದವು. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಸಣ್ಣ ಶೀಷೆಗೆ ಬಿಡುತ್ತಾರೆ. ಶೀಷೆಯ ಮೇಲೆ ಜಾಗದ ಹೆಸರು, ತಾರೀಕು. ಹಿಡಿಯುವವರ ಪ್ಯಾಂಟು ಕಾಲುಚೀಲದೊಳಗೆ, ಕೈಗೆ ಗವಸು, ಪ್ರತಿ ಸುತ್ತಿಗೂ ಒಬ್ಬರ ಬೆನ್ನು ಇನ್ನೊಬ್ಬರು ನೋಡುವುದು. ಅಷ್ಟೇ ಉಪಕರಣ. ಪ್ರಯೋಗಾಲಯದಲ್ಲಿ ಜಾತಿ ಬೇರ್ಪಡಿಸಿ, ಐವತ್ತರ ಹಾಗೆ ಗುಂಪು ಮಾಡಿ ಅರೆದು, ಪಿಸಿಆರ್ ಪರೀಕ್ಷೆ. ಕೊರೊನಾ ಕಾಲದಲ್ಲಿ ನಮ್ಮ ಜಿಲ್ಲೆ ಜಿಲ್ಲೆಗಳಿಗೂ ಬಂದ ಯಂತ್ರವೇ ಅದು.

ಇದು ಹೊಸ ಜ್ಞಾನವೂ ಅಲ್ಲ, ಹೊರಗಿನಿಂದ ತರಬೇಕಾದದ್ದೂ ಅಲ್ಲ. ಈ ಜ್ಞಾನ ಹುಟ್ಟಿದ್ದೇ ಇಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮಂಗಗಳೂ ಮನುಷ್ಯರೂ ಜೊತೆಯಲ್ಲೇ ಬೀಳುತ್ತಿದ್ದುದು ನೋಡಿ ದಕ್ಷಿಣ ಅಮೆರಿಕದ ಹಳದಿ ಜ್ವರವೇ ಬಂತೇನೋ ಎಂಬ ಭಯ ಮೊದಲು. ಹಳದಿ ಜ್ವರವಾದರೆ ಸೊಳ್ಳೆ ಹಿಡಿಯಬೇಕು. ಇವರು ಕಾಡಿನಲ್ಲಿ ಹುಡುಕಿ ನೋಡಿದರೆ ಅಪರಾಧಿ ಉಣುಗು, ವೈರಸ್ಸೋ ರಷ್ಯಾದ ಕಾಡುಗಳ ಮೆದುಳುಜ್ವರದ ವೈರಸ್ಸಿನ ದಾಯಾದಿ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಹಾರ್ಹೆ ಬೊಶೆಲ್, ಟಿ. ರಾಮಚಂದ್ರ ರಾವ್, ಪಿ.ಕೆ. ರಾಜಗೋಪಾಲನ್ ಇವರೆಲ್ಲ ಸಾಗರ-ಸೊರಬದ ಕಾಡಿನಲ್ಲಿ ವರ್ಷಗಟ್ಟಲೆ ಫ್ಲಾನೆಲ್ ಎಳೆಸಿದರು. ಹಕ್ಕಿಗಳೇ ಉಣುಗನ್ನು ಹೊತ್ತು ತಂದವೋ ಎಂದು ನೋಡಲು ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವ ಕೆಲಸಕ್ಕಿಳಿಯಿತು, ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಯಾವ ತಿಂಗಳು ಯಾವ ಹಂತದ ಉಣುಗು, ಯಾವ ಪ್ರಾಣಿಯ ಮೇಲೆ ಎಷ್ಟು, ಕಾಡು ಕಡಿದು ದನ ಬಿಟ್ಟರೆ ಉಣುಗು ಹೇಗೆ ಏರುತ್ತದೆ, ಮೇಲೆ ಹೇಳಿದ ಪಂಚಾಂಗದ ಬಹುಪಾಲು ಅವರು ಬರೆದಿಟ್ಟದ್ದು. ಆಗ ರಸ್ತೆಯಿರಲಿಲ್ಲ, ಪಿಸಿಆರ್ ಇರಲಿಲ್ಲ. ಅರೆದ ಉಣುಗನ್ನು ಇಲಿಮರಿಗೆ ಚುಚ್ಚಿ ಅದು ಸಾಯುತ್ತದೆಯೇ ಎಂದು ದಿನವೆಣಿಸಬೇಕಿತ್ತು. ಕೆಲಸ ಮಾಡುತ್ತಿದ್ದ ಸಿಬ್ಬಂದಿಗೇ ಸೋಂಕು ತಗಲುತ್ತಿತ್ತು. ಅಷ್ಟು ಕಷ್ಟದಲ್ಲಿ ಅವರು ಮಾಡಿದ ಕೆಲಸವನ್ನು, ಇಷ್ಟು ಅನುಕೂಲದಲ್ಲಿ ನಾವು ‘ಆಗದ ಕೆಲಸ’ ಎನ್ನುತ್ತೇವೆ.

‘ಹುಡುಕಿದರೂ ಸಿಗುವುದಿಲ್ಲ’ ಎಂಬ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಒಂದು ಜಾಗದಲ್ಲಿ ಸಾವಿರ ಉಣುಗಿಗೆ ಒಂದರಲ್ಲಿ ವೈರಸ್ ಇದೆ ಎಂದು ಇಟ್ಟುಕೊಳ್ಳಿ. ನೂರು ಹಿಡಿದು ನೋಡಿದರೆ ಅದು ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ ಹತ್ತೂ ಇಲ್ಲ. ಸಾವಿರ ಹಿಡಿದರೆ ನೂರಕ್ಕೆ 63. ಮೂರು ಸಾವಿರ ಹಿಡಿದರೆ 95. ಈಗ ಹೇಳಿ, ಒಂದು ಮಧ್ಯಾಹ್ನ ಹೋಗಿ ನೂರು ಉಣುಗು ತಂದು, ಏನೂ ಸಿಗಲಿಲ್ಲವೆಂದು ವರದಿ ಬರೆದವರು ಏನನ್ನು ಸಾಬೀತು ಮಾಡಿದರು? ಉಣುಗಿನಲ್ಲಿ ವೈರಸ್ ಇಲ್ಲವೆಂದೋ, ತಾವು ಹುಡುಕಲಿಲ್ಲವೆಂದೋ? ಒಂದು ಸೇರು ಅಕ್ಕಿಯಲ್ಲಿ ನಾಲ್ಕು ಕಾಳು ಆರಿಸಿ ‘ಕಲ್ಲಿಲ್ಲ’ ಎಂದು ಒಲೆಗಿಟ್ಟ ಹಾಗೆ. ಮೂರು ಸಾವಿರ ಎಂದರೆ ಭಯಬೀಳಬೇಕಾಗಿಯೂ ಇಲ್ಲ. ಐವತ್ತೈವತ್ತರ ಗುಂಪಾದರೆ ಅದು ಅರವತ್ತು ಶೀಷೆ, ಅರವತ್ತು ಪರೀಕ್ಷೆ. ಕೊರೊನಾದ ದಿನಗಳಲ್ಲಿ ಒಂದು ತಾಲೂಕಿನ ಒಂದು ಬೆಳಗ್ಗೆಗೆ ಅಷ್ಟು ಮಾದರಿ ಹೋಗುತ್ತಿತ್ತು. ಅರೆಮನಸ್ಸಿನ ಸಮೀಕ್ಷೆ ಮಾಡಿ, ಅದರ ಸೋಲನ್ನೇ ಸಮೀಕ್ಷೆಯ ವಿರುದ್ಧ ಸಾಕ್ಷಿಯಾಗಿ ತರುವುದು ಈ ವಾದದ ಅತಿದೊಡ್ಡ ಚಾಲಾಕಿ.

ಹೊರಗಿನವರು ಏನು ಮಾಡುತ್ತಾರೆ ನೋಡಿ. ಉಣುಗಿನಿಂದ ಬರುವ ಮೆದುಳುಜ್ವರದ ವೈರಸ್ ತಮ್ಮ ದೇಶದಲ್ಲಿಲ್ಲವೆಂದೇ ಬ್ರಿಟನ್ನಿನವರು ನಂಬಿದ್ದರು. ರೋಗಿಗಳ ಸಾಲು ನಿಲ್ಲಲೆಂದು ಕಾಯಲಿಲ್ಲ. ಜಿಂಕೆಗಳ ರಕ್ತವನ್ನೂ ಅವುಗಳ ಮೈಮೇಲಿನ ಉಣುಗನ್ನೂ ಹಿಡಿದು ನೋಡಿದರು. 2019ರಲ್ಲಿ, ಥೆಟ್‌ಫರ್ಡ್ ಕಾಡಿನಲ್ಲಿ ವೈರಸ್ ಇದೆ ಎಂದು ತಾವೇ ಜನರಿಗೆ ಹೇಳಿದರು. ನಮ್ಮ ವೈರಸ್ಸಿನ ದಾಯಾದಿಯೇ ಅದು. ಅವರಲ್ಲಿ ಆ ಜ್ವರ ಬಂದವರನ್ನು ಬೆರಳಲ್ಲಿ ಎಣಿಸಬಹುದು. ನಮ್ಮಲ್ಲಿ ವರ್ಷವರ್ಷವೂ ಜನ ಮಲಗುತ್ತಾರೆ, ಮಲಗಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಏಳುವುದಿಲ್ಲ. ಉಣುಗು ಹುಡುಕುವ ಅಗತ್ಯ ಯಾರಿಗೆ ಹೆಚ್ಚು?

‘ಜನ ಕಾಡಿಗೆ ಹೋಗದಿದ್ದರಾಯಿತು, ಕಾಡಿನ ಉಣುಗಿನ ಉಸಾಬರಿ ಯಾಕೆ’ ಎಂಬುದು ಇನ್ನೊಂದು ಮಾತು. ಮಲೆನಾಡಿನ ಮನೆಯೊಂದರ ನಕ್ಷೆ ಗೊತ್ತಿದ್ದವರು ಹೀಗೆ ಮಾತಾಡಲಾರರು. ಅಂಗಳ, ಅಂಗಳದಾಚೆ ಕೊಟ್ಟಿಗೆ, ಕೊಟ್ಟಿಗೆಯಾಚೆ ತೋಟ, ತೋಟದ ನೆತ್ತಿಗೆ ಸೊಪ್ಪಿನ ಬೆಟ್ಟ. ಇವುಗಳ ನಡುವೆ ಬೇಲಿಯುಂಟು, ಗಡಿಯಿಲ್ಲ. ಬೇಸಿಗೆ ಹಿಡಿಯುತ್ತಲೇ ಹೆಂಗಸರು ದರಕು (ತರಗೆಲೆ) ಗುಡಿಸಿ ಹೆಡಿಗೆಯಲ್ಲಿ ಹೊತ್ತು ತರುತ್ತಾರೆ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬೀಳುತ್ತದೆ, ಗೊಬ್ಬರವಾಗುತ್ತದೆ, ಅಡಕೆ ಮರದ ಬುಡ ಸೇರುತ್ತದೆ. ದನ ಬೆಟ್ಟಕ್ಕೆ ಹೋಗಿ ಸಂಜೆಗೆ ಉಣುಗು ಹೊತ್ತು ಬರುತ್ತದೆ. ಕಾಡಿಗೆ ಹೋಗಬೇಡಿ ಎಂದು ಹೇಳಿದ ಮಾತ್ರಕ್ಕೆ ಕಾಡು ಮನೆಗೆ ಬರುವುದು ನಿಲ್ಲುತ್ತದೆಯೇ? ಇತ್ತೀಚಿನ ಅಧ್ಯಯನಗಳು ಕೂಡ ಅಪಾಯ ಹೆಚ್ಚು ಎನ್ನುವುದು ದಟ್ಟಕಾಡಿನ ನಡುವೆ ಅಲ್ಲ, ಕಾಡು, ತೋಟ, ಗದ್ದೆ, ದನ ಎಲ್ಲ ಕಲಸಿಕೊಂಡಿರುವ ತುಂಡುತುಂಡು ನೆಲದಲ್ಲಿ. ಅಂದರೆ ನಾವಿರುವಲ್ಲೇ. ನಿಡ್ಲೆಯನ್ನು ಮರೆತವರಿಗೆ ನೆನಪಿಸಬೇಕು. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ಆ ಕಡೆ ಗೇರು ನೆಡಲು ಕಾಡು ಕಡಿದರು. 1983ರ ಹಾವಳಿಯಲ್ಲಿ 1,500ಕ್ಕೂ ಹೆಚ್ಚು ಮಂದಿ ಮಲಗಿದರು, ಸತ್ತವರು 150ರಷ್ಟು. ಮಂಗ ಕೊಡಲಿ ಹಿಡಿದಿರಲಿಲ್ಲ.

ಆದ್ದರಿಂದ ಉಣುಗಿನ ಸಮೀಕ್ಷೆ ‘ಕಾಡಿನ’ ಸಮೀಕ್ಷೆಯೂ ಆಗಬಾರದು. ಬಟ್ಟೆ ಎಳೆಯಬೇಕಾದದ್ದು ದರಕು ಗುಡಿಸುವ ದಾರಿಯಲ್ಲಿ, ಕೊಟ್ಟಿಗೆಯ ಹಿಂದೆ, ಶಾಲೆಗೆ ಹೋಗುವ ಒಳದಾರಿಯಲ್ಲಿ, ಕೆರೆ ಏರಿಯ ಮೇಲೆ. ಜನರಿಗೆ ಬೇಕಾದ ಪ್ರಶ್ನೆಗೆ ಉತ್ತರ ಅಲ್ಲಿದೆ. ‘ಪಶ್ಚಿಮಘಟ್ಟದಲ್ಲಿ ವೈರಸ್ ಇದೆಯೇ’ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು, ‘ಈ ವರ್ಷ ನಮ್ಮ ಬೆಟ್ಟದಲ್ಲಿ ಇದೆಯೇ’ ಎಂದು.

ಲಸಿಕೆ ಬರುತ್ತದಲ್ಲ, ಕಾಯೋಣ ಎನ್ನುವವರಿಗೆ ಹಳೆಯ ಲಸಿಕೆಯ ಕತೆ ಸಾಕು. 1990ರಿಂದ ಕೊಡುತ್ತಿದ್ದುದು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಒಂದೊಂದು. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಎರಡು ಚುಚ್ಚುಮದ್ದಿನ ರಕ್ಷಣೆ ನೂರಕ್ಕೆ 62, ಬೂಸ್ಟರ್ ಸೇರಿದರೆ 83. ಚುಚ್ಚಿದ ಕಡೆ ಕೆಂಡದಂಥ ನೋವು, ಒಂದು ಚುಚ್ಚಿಸಿಕೊಂಡವರು ಎರಡನೆಯದಕ್ಕೆ ಬಾರದೆ ತಪ್ಪಿಸಿಕೊಂಡರೆ ತಪ್ಪು ಅವರದಲ್ಲ. ಕೊನೆಗೆ ಪರಿಣಾಮ ಸಾಲದೆಂದು 2022ರಲ್ಲಿ ಅದೂ ನಿಂತಿತು. ಹೊಸ ಲಸಿಕೆಗೆ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೈಹಾಕಿವೆ. ಬರಲಿ, ಬೇಗ ಬರಲಿ, ಮೊದಲ ಸಾಲಿನಲ್ಲಿ ನಾನೇ ಅಂಗಿಯ ತೋಳು ಮಡಚಿ ನಿಲ್ಲುತ್ತೇನೆ. ಆದರೆ ಬಂದ ಲಸಿಕೆಯನ್ನು ಮೊದಲು ಯಾವ ಊರಿಗೆ ಒಯ್ಯುತ್ತೀರಿ? ಹಳೆಯ ಪದ್ಧತಿಯಲ್ಲಿ ಉತ್ತರ ಒಂದೇ: ಹಿಂದೆ ಕಾಯಿಲೆ ಬಂದ ಊರಿಗೆ, ಮಂಗ ಸತ್ತ ಊರಿಗೆ. 2018ರ ಡಿಸೆಂಬರಿನಲ್ಲಿ ಶುರುವಾಗಿ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಬೆಂದುಹೋಯಿತು. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಸರದಿ. ಕಾಯಿಲೆ ಜಾಗ ಬದಲಿಸುತ್ತ ಹೋಗುತ್ತದೆ, ನಮ್ಮ ಪಟ್ಟಿ ಅದರ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ. ಮೈಗೆ ಹಚ್ಚುವ ಡೆಪಾ ಎಣ್ಣೆಗೂ ಇದೇ ಮಾತು. ಎಲ್ಲರಿಗೂ ಎಲ್ಲ ಕಾಲಕ್ಕೂ ಹಚ್ಚಿಕೊಳ್ಳಿ ಎಂದರೆ ಯಾರೂ ಹಚ್ಚುವುದಿಲ್ಲ. ‘ನಿಮ್ಮ ಬೆಟ್ಟದ ಉಣುಗಿನಲ್ಲಿ ಸಿಕ್ಕಿದೆ, ಈ ತಿಂಗಳು ಹಚ್ಚದೆ ಹೋಗಬೇಡಿ’ ಎಂದರೆ ಮರುದಿನ ಬಾಟಲಿ ಖಾಲಿ. ಲಸಿಕೆ, ಎಣ್ಣೆ, ಪುಡಿ ಇವೆಲ್ಲ ಬಾಣಗಳು. ಉಣುಗಿನ ಸಮೀಕ್ಷೆ ಗುರಿ ತೋರುವ ಕಣ್ಣು. ಕಣ್ಣಿಗೆ ಖರ್ಚು ಯಾಕೆ, ಇನ್ನೆರಡು ಬಾಣ ಕೊಳ್ಳೋಣ ಎನ್ನುವ ಬಿಲ್ಲುಗಾರನನ್ನು ಎಲ್ಲಾದರೂ ಕಂಡಿದ್ದೀರಾ?

ಕೊನೆಯದಾಗಿ ಪಿಸುಮಾತಿನಲ್ಲಿ ಬರುವ ವಾದ: ಉಣುಗಿನಲ್ಲಿ ವೈರಸ್ ಸಿಕ್ಕಿತೆಂದು ಹೇಳಿದರೆ ಜನ ಗಾಬರಿಯಾಗುತ್ತಾರೆ, ಕೊಯ್ಲಿಗೆ ಆಳು ಬರುವುದಿಲ್ಲ, ಜೋಗಕ್ಕೆ ಪ್ರವಾಸಿಗರು ಬರುವುದಿಲ್ಲ. ಸುಮ್ಮನಿರುವುದೇ ಲೇಸು. ಕೆಚ್ಚಲಲ್ಲೇ ಇದ್ದರೂ ಉಣ್ಣೆಗೆ ಹಾಲು ದಕ್ಕಲಿಲ್ಲ ಎಂದು ನಮ್ಮ ಹಿರಿಯರು ಆಡಿಕೊಳ್ಳುತ್ತಿದ್ದರು. ಫಲಿತಾಂಶವನ್ನು ಕೈಯಲ್ಲಿಟ್ಟುಕೊಂಡು ಊರಿಗೆ ಹೇಳದೆ ಕೂತ ಕಚೇರಿಗೆ ಆ ಮಾತು ಉಣ್ಣೆಗಿಂತ ಚೆನ್ನಾಗಿ ಒಪ್ಪುತ್ತದೆ. ಗಾಬರಿ ಹುಟ್ಟುವುದು ತಿಳಿದುದರಿಂದಲ್ಲ. ಡಿಸೆಂಬರಿನಲ್ಲಿ ‘ಇಂಥ ದಾರಿ ಬಿಡಿ’ ಎಂದು ಕೇಳಿದವನು ದಾರಿ ಬದಲಿಸುತ್ತಾನೆ. ಫೆಬ್ರವರಿಯಲ್ಲಿ ಪಕ್ಕದ ಮನೆಯ ಹೆಣ ಕಂಡವನು ಊರು ಬಿಡುತ್ತಾನೆ.

ನಾನು ಒಪ್ಪಬೇಕಾದದ್ದೂ ಇದೆ. ಉಣುಗಿನಲ್ಲಿ ವೈರಸ್ ಸಿಕ್ಕಿತೆಂದ ಮಾತ್ರಕ್ಕೆ ಆ ಊರಲ್ಲಿ ಎಷ್ಟು ಮಂದಿ ಮಲಗುತ್ತಾರೆಂದು ಹೇಳಲಾಗುವುದಿಲ್ಲ. ಸಿಗದಿದ್ದರೆ ಆ ಊರಿಗೆ ಅಭಯವೂ ಅಲ್ಲ. ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ. ಹಿಡಿಯುವವರಿಗೆ ಅಪಾಯವಿದೆ. ಅವರಿಗೆ ತರಬೇತಿ, ವಿಮೆ, ಕಾಯಂ ಸಂಬಳ ಕೊಡದೆ ದಿನಗೂಲಿಯ ಹುಡುಗರ ಕೈಗೆ ಬಟ್ಟೆ ಕೊಟ್ಟು ಕಳಿಸುವುದಾದರೆ ಸಂಬಳವಿಲ್ಲದ ಕಾವಲುಗಾರರ ಪಟ್ಟಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೆ. ಸತ್ತ ಮಂಗದ ವರದಿಯೂ ನಿಲ್ಲಬಾರದು. ವೈರಸ್ಸನ್ನು ಹೆಚ್ಚಿಸಿ ಹರಡುವುದರಲ್ಲಿ ಮಂಗಕ್ಕೆ ಪಾತ್ರವಿದೆ, ಅದರ ಸಾವಿನಲ್ಲಿ ಮಾಹಿತಿಯಿದೆ. ನನ್ನ ಜಗಳ ಮಂಗವನ್ನು ನೋಡುವುದರ ಮೇಲಲ್ಲ. ಮಂಗ ಸಾಯುವವರೆಗೆ ಕಣ್ಣು ಮುಚ್ಚಿಕೊಂಡಿರುವುದರ ಮೇಲೆ.

ಬೇಕಾದದ್ದು ಇಷ್ಟು. ಪ್ರತಿ ತಾಲೂಕಿನಲ್ಲಿ ಗೊತ್ತುಪಡಿಸಿದ ಜಾಗಗಳು. ಕಾಯಿಲೆ ಬಂದ ಊರಿನವು ಕೆಲವು, ಎಂದೂ ಬಾರದ ಊರಿನವು ಅಷ್ಟೇ. ವರ್ಷವರ್ಷವೂ ಅವೇ ಜಾಗ, ಅದೇ ಉದ್ದದ ಎಳೆತ, ಅಕ್ಟೋಬರಿನಿಂದ ಮೇವರೆಗೆ ತಪ್ಪದೆ. ಮಂಗ ಸತ್ತರೂ ಸರಿ, ಸಾಯದಿದ್ದರೂ ಸರಿ. ಬೆಟ್ಟ ಬಲ್ಲ ಊರಿನ ಹುಡುಗ ಹುಡುಗಿಯರಿಗೇ ತರಬೇತಿ. ಆರೋಗ್ಯ, ಪಶುವೈದ್ಯ, ಅರಣ್ಯ ಮೂರು ಇಲಾಖೆಗೂ ಒಂದೇ ಕಡತ. ಉಣುಗಿಗೆ ಇಲಾಖೆಗಳ ಗಡಿ ಗೊತ್ತಿಲ್ಲ. ಸಿಕ್ಕಿದ್ದನ್ನೂ ಸಿಗದಿದ್ದನ್ನೂ, ಎಷ್ಟು ಹಿಡಿದು ನೋಡಿದ ಮೇಲೆ ಸಿಗಲಿಲ್ಲ ಎಂಬುದನ್ನೂ ಪಂಚಾಯಿತಿಯ ಗೋಡೆಗೆ ಬರೆಯಬೇಕು, ಹಾಲಿನ ಡೇರಿಯ ಮುಂದೆ ಬರೆಯಬೇಕು. ಅಡಕೆಯ ಧಾರಣೆಯನ್ನು ದಿನದಿನವೂ ತಿಳಿದುಕೊಳ್ಳುವ ಊರಿಗೆ ಉಣುಗಿನ ಧಾರಣೆ ತಿಳಿಯುವುದು ಕಷ್ಟವಲ್ಲ.

ಆ ಡಿಸೆಂಬರಿನ ಬೆಳಗ್ಗೆ ಬಟ್ಟೆ ಎಳೆಯುವವರು ಶೀಷೆಗಳನ್ನು ಪೆಟ್ಟಿಗೆಗೆ ಇಡುತ್ತಿದ್ದಾಗ ಬೆಟ್ಟದಿಂದ ಒಬ್ಬ ಹೆಂಗಸು ಇಳಿದು ಬಂದಳು. ತಲೆಯ ಮೇಲೆ ಅವಳಿಗಿಂತ ದೊಡ್ಡ ದರಕಿನ ಹೆಡಿಗೆ, ಕಾಲಿಗೆ ಹವಾಯಿ ಚಪ್ಪಲಿ. ಹೆಡಿಗೆ ಇಳಿಸದೆಯೇ ನಿಂತು ಸ್ವಲ್ಪ ಹೊತ್ತು ನೋಡಿದಳು. ‘ಉಣುಗು ಹಿಡೀತೀರಾ?’ ಎಂದು ಕೇಳಿದಳು. ಹೌದೆಂದರು. ‘ಹೋದ ವರ್ಷವೂ ಯಾರೋ ಹಿಡ್ಕೊಂಡು ಹೋಗಿದ್ರು. ಏನು ಸಿಕ್ತು ಅಂತ ಹೇಳಲೇ ಇಲ್ಲ.’ ಯಾರೂ ಮಾತಾಡಲಿಲ್ಲ. ಹಿಡಿಯುವುದು ಅವರ ಕೆಲಸ, ಹೇಳುವುದು ಬೇರೆಯವರದ್ದು. ಅವಳು ಇನ್ನೊಂದು ಕ್ಷಣ ಕಾದು, ಹೆಡಿಗೆಯ ಭಾರವನ್ನು ಕುತ್ತಿಗೆಯ ಮೇಲೆ ಸರಿಮಾಡಿಕೊಂಡು, ನಾವು ಆಗಷ್ಟೇ ಬಟ್ಟೆ ಎಳೆದ ದಾರಿಯಲ್ಲೇ ಇಳಿದು ಹೋದಳು.